ಐದನೇ ಗೇಟಿನ ಹೆಸರು

ಮಸ್ತಾನಸಾಬನಿಗೆ ಬೆಳಗ್ಗೆ ಯಾರಾದರೂ ಎದುರಾಗಿ ನಕ್ಕರೆ ಸಾಕು, ಮಧ್ಯಾಹ್ನದವರೆಗೂ ಆ ನಗೆಯ ಹಿಂದಿನ ಕಾರಣ ಹುಡುಕುತ್ತ ಕೂರುತ್ತಿದ್ದ. ಹಾಲಿನವಳು ಅಳತೆಗಿಂತ ಒಂದು ಗುಟುಕು ಹೆಚ್ಚು ಹಾಕಿದರೆ ನೀರು ಬೆರೆಸಿದ್ದಾಳೆ ಎನ್ನುವನು. ಅಳತೆಗೆ ಸರಿಯಾಗಿ ಹಾಕಿದರೆ ನಾಳೆ ಏನೋ ಕೇಳಿಕೊಂಡು ಬರುತ್ತಾಳೆ ಎನ್ನುವನು. ಮಗಳು ಶಂಶಾದ್‌ಬೀಗೆ ಗಂಡು ನೋಡಲು ಮಸ್ಕಿಗೆ ಹೋದಾಗ ಹುಡುಗನ ಮನೆಯ ಚಹಾ ಕುಡಿಯುವ ಮೊದಲು ಕಪ್ಪಿನ ಕೆಳಗಿನ ಬಸಿಯನ್ನು ಬೋರಲು ಹಾಕಿ ನೋಡಿದನಂತೆ, ಎರವಲು ತಂದ ಬಸಿಯಾದರೆ ಕೆಳಗೆ ಬೇರೆಯವರ ಗುರುತು ಇರುತ್ತದೆ ಎಂದು. ಆ ಸಂಬಂಧ ಕೂಡಿಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇದು ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಹಟ್ಟಿಯ ಚಿನ್ನದ ಗಣಿಯ ಗೇಟಿನಲ್ಲಿ, ಪಾಳಿ ಮುಗಿಸಿ ಬರುವವರ ಜೇಬು, ಬುತ್ತಿಗಂಟು ತಡವಿ ನೋಡುವ ಕೆಲಸದಲ್ಲಿದ್ದ. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಶಾಲೆಯಿಂದ ಬಂದ ಮಗನ ಚೀಲ ತಡವಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದ. ಅಂಥ ಮನೆಯಲ್ಲಿ ಬೆಳೆದ ಮಸ್ತಾನಸಾಬ ಲಿಂಗಸೂಗೂರಿನಲ್ಲಿ ಮೆಟ್ರಿಕ್ ಮುಗಿಸಿ, ರೇಡಿಯೋ ರಿಪೇರಿ ಕಲಿತು, ಸಿಂಧನೂರು ಕಡೆಯ ಕಾಲುವೆ ಕ್ಯಾಂಪೊಂದರಲ್ಲಿ ನೌಕರಿ ಹಿಡಿದ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಆ ಕ್ಯಾಂಪಿಗೆ ವೈರ್‌ಲೆಸ್ ಬಂದಾಗ, ಕಿವಿ ಚುರುಕಿರುವ, ಯಾರನ್ನೂ ನಂಬದ ಇವನೇ ಸರಿ ಎಂದು ಆಪರೇಟರ್ ಕುರ್ಚಿಯಲ್ಲಿ ಕೂರಿಸಿದರು.

ಕ್ಯಾಂಪೆಂದರೆ ಬೇಲಿಯೊಳಗಿನ ಒಂದು ಚಿಕ್ಕ ಊರೇ ಆಗಿತ್ತು. ಆಫೀಸು, ಸಾಹೇಬರ ಬಂಗಲೆ, ಜೀಪಿನ ಶೆಡ್ಡು, ನಲವತ್ತು ಮನೆಗಳ ಕಾಲೋನಿ, ಒಂದು ದವಾಖಾನೆ. ಬೇಲಿಯಾಚೆ ಉಪಕಾಲುವೆಯ ಉದ್ದಕ್ಕೂ ಏಳು ಗೇಟುಗಳು, ಒಂದೊಂದು ಗೇಟಿಗೆ ಒಬ್ಬೊಬ್ಬ ಗೇಟಿನವನು, ಅವನಿಗೊಂದು ಕೋಣೆ, ಕೋಣೆಗೊಂದು ವೈರ್‌ಲೆಸ್ ಸೆಟ್ಟು. ದವಾಖಾನೆಯಲ್ಲೊಂದು, ಬಂಗಲೆಯಲ್ಲೊಂದು, ಜೀಪಿನಲ್ಲೊಂದು. ಎಲ್ಲ ಸೆಟ್ಟುಗಳೂ ಒಂದೇ ಚಾನೆಲ್ಲಿನಲ್ಲಿ ಮಾತಾಡುತ್ತಿದ್ದವು. ಗುಂಡಿ ಒತ್ತಿದವರೆಲ್ಲ ಮಾತುಗಾರರೇ. ಕಾಲೋನಿಯ ಹೆಂಗಸರು ದವಾಖಾನೆಗೆ ಹೋಗಿ, ಜೀಪಿನಲ್ಲಿ ಹೋದ ಗಂಡನಿಗೆ ಕೊತ್ತಂಬರಿ ತರಲು ಹೇಳುವರು. ಎರಡನೇ ಗೇಟಿನವನ ಎಮ್ಮೆ ಕಳೆದುಹೋದರೆ ಏಳನೇ ಗೇಟಿನವನು ಅದರ ಕೋಡಿನ ವಿವರ ಕೇಳುವನು. ಈ ಜಾತ್ರೆಯ ನಡುವೆಯೇ ಮಸ್ತಾನಸಾಬ ಗೇಟು ಗೇಟಿನ ನೀರಿನ ಮಟ್ಟ ಕೇಳಿ ಬರೆದುಕೊಳ್ಳಬೇಕು, ಎಷ್ಟು ಇಂಚು ಎತ್ತಬೇಕು, ಎಷ್ಟು ಇಳಿಸಬೇಕು ಎಂಬ ಸಾಹೇಬರ ಹುಕುಂ ದಾಟಿಸಬೇಕು.

ಎಂಬತ್ತೇಳರ ಸೆಪ್ಟೆಂಬರಿನಲ್ಲಿ ಮೂರನೇ ಗೇಟಿನ ಹಗರಣ ಆಯಿತು. ಅಲ್ಲಿನ ಆದಪ್ಪ ಮೇಲಿನ ಗದ್ದೆಗಳ ಕಡೆಯ ತೂಬಿನ ಗೇಟನ್ನು ಆರು ಇಂಚು ಹೆಚ್ಚು ಎತ್ತಿದ. ಎರಡು ದಿನ ನೀರೆಲ್ಲ ಮೇಲಿನವರ ಭತ್ತದ ಗದ್ದೆಗೆ ಹರಿಯಿತು, ಕೊನೆಯವರ ಕಾಲುವೆಯಲ್ಲಿ ಆಡು ಮೇಯ್ದವು. ಕೊನೆಯ ಹಳ್ಳಿಗಳ ರೈತರು ಟ್ರ್ಯಾಕ್ಟರ್ ತುಂಬಿಕೊಂಡು ಕ್ಯಾಂಪಿಗೆ ಬಂದು ಕೂಗಾಡಿದರು. ಆದಪ್ಪನನ್ನು ಕೇಳಿದರೆ, “ಮಧ್ಯಾಹ್ನ ವೈರ್‌ಲೆಸ್ಸಿನ್ಯಾಗ ಸಾಹೇಬ್ರ ದನಿ ಬಂತ್ರಿ, ಎತ್ತು ಅಂದ್ರು, ಎತ್ತೀನಿ,” ಎಂದ. ಸಾಹೇಬರು ಆ ದಿನ ರಾಯಚೂರಿನ ಮೀಟಿಂಗಿನಲ್ಲಿದ್ದರು. ಹಾಗಾದರೆ ಅವರ ದನಿಯಲ್ಲಿ ಮಾತಾಡಿದವರು ಯಾರು?

ಎಲ್ಲರೂ ಮಸ್ತಾನಸಾಬನ ಮುಖ ನೋಡಿದರು. ಸೆಟ್ಟಿನ ಮುಂದೆ ಕೂತವನು ನೀನು, ನಿನಗೆ ಕೇಳಿಸದೆ ಹೇಗಿರುತ್ತದೆ? ಅವನಿಗೆ ಕೇಳಿಸಿರಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಅವನು ಕೋಣೆಯ ಹಿಂದೆ ಚಾಪೆ ಹಾಸಿ ನಮಾಜಿಗೆ ನಿಂತಿದ್ದ. ದಿನವೂ ನಿಲ್ಲುತ್ತಿದ್ದ, ಸಾಹೇಬರಿಗೂ ಗೊತ್ತಿತ್ತು. ಆದರೆ ಆ ಕಾಲು ಗಂಟೆಯಲ್ಲಿ ಸೆಟ್ಟಿನಲ್ಲಿ ಏನಾಯಿತು, ಏನಾಗಲಿಲ್ಲ ಎಂದು ಆಣೆ ಮಾಡಿ ಹೇಳಲು ಅವನಿಂದ ಆಗಲಿಲ್ಲ. ಜೀವಮಾನವಿಡೀ ಪರರನ್ನು ಶಂಕಿಸಿದವನನ್ನು ಜನ ಮೊದಲ ಸಲ ಶಂಕಿಸಿದರು. ಆ ನೋಟ ಅವನಿಗೆ ಮೈಯೆಲ್ಲ ಚುಚ್ಚಿತು. ಇನ್ನು ಮುಂದೆ ಈ ಸೆಟ್ಟಿನಲ್ಲಿ ಒಬ್ಬ ಸುಳ್ಳು ಮನುಷ್ಯನೂ ಬಾಯಿ ಬಿಡಬಾರದು ಎಂದು ಹಟ ತೊಟ್ಟ.

ಹತ್ತು ದಿನ ಕೂತು ರೂಲು ಬರೆದ. ಒಂದು ಚಾನೆಲ್ಲು ಮೂರಾಯಿತು: ಸಾಹೇಬರಿಗೂ ಜೀಪಿಗೂ ಒಂದು, ಕಾಲೋನಿಗೆ ಒಂದು, ಗೇಟುಗಳಿಗೆ ಒಂದು. ಯಾರೂ ತಮ್ಮ ಓಣಿ ಬಿಟ್ಟು ಇನ್ನೊಬ್ಬರ ಓಣಿಗೆ ಕಾಲಿಡದ ಹಾಗೆ ಪ್ರತಿ ಸೆಟ್ಟಿನ ತಿರುಗಣೆಗೂ ಅಂಚೆಯ ಪಾರ್ಸಲ್ಲಿಗೆ ಹಾಕುವಂತೆ ಅರಗು ಕಾಯಿಸಿ ಮುದ್ರೆ ಒತ್ತಿದ. ಮೂರನ್ನೂ ಕೇಳುವವನು, ಒಂದರ ಮಾತು ಬರೆದುಕೊಂಡು ಇನ್ನೊಂದಕ್ಕೆ ದಾಟಿಸುವವನು ಅವನೊಬ್ಬನೇ. ಅದರ ಮೇಲೆ ಗುರುತಿನ ರೂಲು: ಮಾತಾಡುವವರು ಮೊದಲು ಪಟ್ಟಿಯಲ್ಲಿರುವ ಹೆಸರು ಹೇಳಬೇಕು, ಆಮೇಲೆ ಆ ಹೆಸರಿಗೆ ಕೊಟ್ಟ ಗುಟ್ಟಿನ ಮಾತು ಹೇಳಬೇಕು. ಕಾಲೋನಿಯವರಾದರೆ ಮನೆಯ ಯಜಮಾನನ ಹೆಸರು. ಎರಡರಲ್ಲಿ ಒಂದು ತಪ್ಪಿದರೂ ಮಾತು ಬರೆದುಕೊಳ್ಳುವಂತಿಲ್ಲ, ಗೇಟು ಮುಟ್ಟುವಂತಿಲ್ಲ. ಗೇಟಿನಿಂದ ಗೇಟಿಗೆ ಹುಕುಂ ಕೊಡುವುದಂತೂ ಇಲ್ಲವೇ ಇಲ್ಲ. ಗುಟ್ಟಿನ ಮಾತಿಗೆ ಅವನು ಆರಿಸಿದ್ದು ಖುಷ್ಕಿ ಬೆಳೆಗಳನ್ನು. ಒಂದಕ್ಕೆ ತೊಗರಿ, ನಾಲ್ಕಕ್ಕೆ ಸಜ್ಜೆ, ಐದಕ್ಕೆ ಬಿಳಿಜೋಳ. ಕಾಲುವೆ ಕೆಳಗಿನವರ ಬಾಯಲ್ಲಿ ಬರೀ ಭತ್ತವೇ ಇರುವಾಗ ಇವನ್ನು ಯಾರು ಊಹಿಸಿಯಾರು ಎಂಬುದು ಅವನ ಲೆಕ್ಕಾಚಾರ. ಸಾಹೇಬರು ಓದಿ, “ಭೇಷ್,” ಎಂದು ಸಹಿ ಹಾಕಿದರು.

ಗೇಟಿನವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಮುಚ್ಚಿದ ಲಕೋಟೆ ಕೊಟ್ಟ. ಐದನೇ ಗೇಟಿನ ಯಂಕೋಬ ಬಂದಾಗ ಕೊರಳಿಗೆ ಟವೆಲ್ ಸುತ್ತಿಕೊಂಡಿದ್ದ. ಮೊದಲಾದರೆ ಬಾಗಿಲಲ್ಲೇ ನಿಂತು ಅರ್ಧ ಗಂಟೆ ಹರಟುವ ಆಸಾಮಿ. ಅವತ್ತು ಒಂದು ಮಾತಿಲ್ಲ. ತಲೆ ಅಲ್ಲಾಡಿಸಿದ, ಸಹಿ ಹಾಕಿದ, ಲಕೋಟೆ ಎತ್ತಿಕೊಂಡು ಹೊರಟ. ಮಸ್ತಾನಸಾಬ ಕಿಟಕಿಯಿಂದ ಅವನ ಬೆನ್ನನ್ನು ಬಹಳ ಹೊತ್ತು ನೋಡಿದ.

ರೂಲು ಜಾರಿಗೆ ಬಂದ ದಿನದಿಂದ ದವಾಖಾನೆಯ ಸೆಟ್ಟು ಗಪ್ಪಾಯಿತು. ಒಬ್ಬ ಹೆಂಗಸೂ ಬಂದು ಗುಂಡಿ ಒತ್ತಲಿಲ್ಲ. ಕಡ್ಡಿ ಮುರಿದಂತೆ ರೂಲು ಮಾಡಿದರೆ ಹೀಗೆ ಶಿಸ್ತು ಬರುತ್ತದೆ ಎಂದು ಮಸ್ತಾನಸಾಬ ಮೀಸೆಯಡಿ ನಕ್ಕ. ಅವನ ಹೆಂಡತಿ ಹಾಜಿರಾಬೀ ಸಹ, “ನಾ ಆ ಡಬ್ಬಿ ಮುಟ್ಟಂಗಿಲ್ಲ,” ಎಂದಳು. ಯಂತ್ರದ ಅಂಜಿಕೆ ಎಂದುಕೊಂಡ.

ಆದರೆ ಅದೇ ದಿನದಿಂದ ಐದನೇ ಗೇಟೂ ಗಪ್ಪಾಯಿತು.

ಅದಕ್ಕೆ ಮುಂಚೆ ವರ್ಷಗಟ್ಟಲೆ ಐದನೇ ಗೇಟಿನ ವರದಿ ತಪ್ಪಿದ್ದೇ ಇಲ್ಲ. ಈಚೆಗೆ ನೆಗಡಿ ಕಟ್ಟಿದ ದಪ್ಪ ದನಿಯಲ್ಲಿ, “ಐದನೇ ಗೇಟು, ಮೂರಡಿ ಎರಡು ಇಂಚು,” ಎಂದಷ್ಟೇ ಹೇಳಿ ಮುಗಿಸುತ್ತಿತ್ತು. ಈಗ ಅದೂ ಇಲ್ಲ. ಬದಲಿಗೆ ಜವಳಗೇರಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ದಿನವೂ ಒಂದು ಚೀಟಿ: ಮೂರಡಿ ಒಂದು ಇಂಚು, ಎರಡಡಿ ಹನ್ನೊಂದು ಇಂಚು. ತಲೆಯ ಹತ್ತಿರವೇ ಸೆಟ್ಟು ಇಟ್ಟುಕೊಂಡವನು ಬಸ್ಸಿನಲ್ಲಿ ಚೀಟಿ ಯಾಕೆ ಕಳಿಸುತ್ತಾನೆ? ಸೆಟ್ಟು ಕೆಟ್ಟಿದೆಯೇ ಎಂದು ಇವನೇ ಕರೆದರೆ ಆ ಕಡೆ ಗುಂಡಿ ಒತ್ತಿದ ಚಟ್ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಸ್ತಾನಸಾಬನ ತಲೆಯಲ್ಲಿ ಹುಳ ಹೊಕ್ಕಿತು. ಗುರುತು ಕೇಳಿದ ದಿನವೇ ಬಾಯಿ ಮುಚ್ಚಿದವನು ಕಳ್ಳನಲ್ಲದೆ ಇನ್ನಾರು? ಸಾಹೇಬರ ದನಿಯನ್ನು ಅಣಕಿಸಿದವನು ಇವನೇ, ಈಗ ತನ್ನ ನಿಜವಾದ ದನಿ ಕೇಳಿಸಿದರೆ ಸಿಕ್ಕಿಬೀಳುತ್ತೇನೆಂದು ಹೆದರಿದ್ದಾನೆ.

ಜನವರಿಯ ಒಂದು ರವಿವಾರ ಯಾರಿಗೂ ಹೇಳದೆ ಜವಳಗೇರಾ ಬಸ್ಸು ಹತ್ತಿದ. ಅಲ್ಲಿಳಿದು ಏರಿಯ ಮೇಲೆ ನಡೆದು ಐದನೇ ಗೇಟಿಗೆ ಹೋದ. ಗೇಟಿನ ಚಕ್ರ ತಿರುಗಿಸುತ್ತಿದ್ದವಳು ಯಂಕೋಬನ ಹೆಂಡತಿ ಶೇಖಮ್ಮ. ಇವನನ್ನು ಕಂಡದ್ದೇ ಚಕ್ರ ಬಿಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡು, ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿ ಯಂಕೋಬ?”

“ಮನ್ಯಾಗಿಲ್ಲರಿ ಯಣ್ಣಾ. ಸಂತೆಕಲ್ಲೂರಿಗೆ ಹೋಗ್ಯಾರ.”

“ಯಾವಾಗ ಬರ್ತಾನ?”

“ಬರ್ತಾರ್ರಿ.”

“ಚಕ್ರ ನೀ ಯಾಕ ತಿರುವಾಕತ್ತಿ?”

“ಸುಮ್ನ ರೀ. ತುಕ್ಕು ಹಿಡಿತೈತಂತ.”

ಒಳಗೆ ಯಾರೋ ಕೆಮ್ಮಿದರು. ಶೇಖಮ್ಮ ತಾನೂ ಕೆಮ್ಮಿದಳು, ಮೊದಲಿನ ಕೆಮ್ಮೂ ತನ್ನದೇ ಎಂಬಂತೆ. ಮಸ್ತಾನಸಾಬ ಬಾಗಿಲ ಪಕ್ಕದ ಗಂಡಸಿನ ಚಪ್ಪಲಿ ನೋಡಿದ, ಅವಳ ಮುಖ ನೋಡಿದ, “ಆಯ್ತವ್ವ,” ಎಂದು ಹಿಂದಿರುಗಿದ. ಅವನಿಗೆ ಇನ್ನೇನೂ ಬೇಕಿರಲಿಲ್ಲ. ಮನೆಯೊಳಗೆ ಅಡಗಿಕೊಂಡು ಹೆಂಡತಿಯಿಂದ ಸುಳ್ಳು ಹೇಳಿಸುವವನು ಇನ್ನೇನು ಮಾಡಲಾರ? ಫೆಬ್ರವರಿಯ ಒಂದು ದಿನ ಎರಡು ಪುಟದ ಅರ್ಜಿ ಬರೆದು, ಯಂಕೋಬನನ್ನು ಗೇಟಿನಿಂದ ತೆಗೆದು ವಿಚಾರಣೆ ಮಾಡಬೇಕೆಂದು ಕೋರಿ, ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಸಾಹೇಬರು ಆ ದಿನ ನಾಲ್ಕು ಗಂಟೆಗೆ ಬರುವವರಿದ್ದರು.

ಎರಡು ಗಂಟೆ ಹತ್ತು ನಿಮಿಷಕ್ಕೆ ಗೇಟಿನ ಚಾನೆಲ್ಲು ಕೂಗಿತು.

“ಐದನೇ ಗೇಟು ರೀ! ಏರಿ ತೂತು ಬಿದ್ದೈತಿ, ನೀರು ಬುಗ್ಗಿ ಎದ್ದಂಗ ಹೊಂಟೈತಿ! ನಾಕನೇ ಗೇಟು ಇಳಸ್ರಿ, ಲಗೂ ಇಳಸ್ರಿ!”

ಹೆಂಗಸಿನ ದನಿ. ಮಸ್ತಾನಸಾಬನ ಬೆನ್ನು ನೆಟ್ಟಗಾಯಿತು. ಐದನೇ ಗೇಟಿನ ಪಟ್ಟಿಯಲ್ಲಿ ಹೆಂಗಸಿಲ್ಲ.

“ಯಾರು ಮಾತಾಡಾಕತ್ತೀರಿ? ಹೆಸರು ಹೇಳ್ರಿ.”

“ಐದನೇ ಗೇಟು ರೀ ಯಣ್ಣಾ. ಬಿಳಿಜೋಳ! ಬಿಳಿಜೋಳ ರೀ!”

“ಬಿಳಿಜೋಳ ಆತು. ಹೆಸರು?”

ಚಟ್ ಎಂಬ ಸದ್ದು. ಅದೇ ಸದ್ದು. ಮಸ್ತಾನಸಾಬ ಗಡಿಯಾರ ನೋಡಿ ಲಾಗ್‌ಬುಕ್ಕಿನಲ್ಲಿ ಬರೆದ: ಎರಡು ಹತ್ತು, ಗುರುತಿಲ್ಲದ ದನಿ. ನಾಲ್ಕನೇ ಗೇಟು ಇಳಿಸಿದರೆ ಕೆಳಗಿನ ಅಷ್ಟೂ ಕಾಲುವೆ ಒಣಗುತ್ತದೆ, ನೀರೆಲ್ಲ ಮೇಲೆಯೇ ನಿಲ್ಲುತ್ತದೆ. ಹೋದ ಸಲ ಸಾಹೇಬರ ದನಿ, ಈ ಸಲ ಹೆಂಗಸಿನ ಅಳು. ಇವರು ನನ್ನನ್ನು ಏನೆಂದುಕೊಂಡಿದ್ದಾರೆ?

“ಯಣ್ಣಾ, ಏರಿ ಕೆಳಗ ನಾಟಿ ಮಾಡೋರ ಗುಡಿಸಲು ಅದಾವ್ರಿ. ಕೂಸುಗಳು ಅದಾವ. ನಾ ಗೇಟಿನವರ ಮನಿಯಾಕಿ ರೀ.”

“ಯಾವ ಗೇಟಿನವನು? ಅವನ ಹೆಸರು ಹೇಳು.”

“ಏಳು ಬೆಟ್ಟದ ಮ್ಯಾಲ ಅದಾನಲ್ರೀ ದೇವರು… ಆತನ ಹೆಸರು ರೀ.”

“ದೇವರು ಪಟ್ಟಿಯಾಗಿಲ್ಲ. ಗೇಟಿನವನ ಹೆಸರು ಹೇಳಿದ್ರ ಇಳಸ್ತೀನಿ.”

ನಡುವೆ ನಾಲ್ಕನೇ ಗೇಟಿನ ಅಲ್ಲಾಭಕ್ಷ್ ಬಾಯಿ ಹಾಕಿದ. ತನ್ನ ಹೆಸರು, ಸಜ್ಜೆ, ಎರಡನ್ನೂ ಹೇಳಿಯೇ ಹಾಕಿದ. “ಮಸ್ತಾನ್‌ಭಾಯಿ, ಹೆಣ್ಮಗಳು ಅಳಾಕತ್ಯಾಳ. ಇಳಸ್ಲೇನು?”

“ಕೈ ಹಚ್ಚಬ್ಯಾಡ. ಆದಪ್ಪ ಎತ್ತಿದಾಗ ಏನಾತು ನೆನಪೈತಲ್ಲ?”

ಎರಡು ಹದಿನಾಲ್ಕು, ಗುರುತಿಲ್ಲದ ದನಿ. ಎರಡು ಹದಿನೇಳು, ಗುರುತಿಲ್ಲದ ದನಿ. ಮಸ್ತಾನಸಾಬನ ಅಕ್ಷರ ಒಂದಿಷ್ಟೂ ನಡುಗಿರಲಿಲ್ಲ. ಅದನ್ನು ಆಮೇಲೆ ನೆನೆದಾಗಲೆಲ್ಲ ಅವನಿಗೆ ತನ್ನ ಕೈಯ ಮೇಲೆಯೇ ಅಸಹ್ಯವಾಗುತ್ತಿತ್ತು.

ಎರಡು ಇಪ್ಪತ್ತೊಂದಕ್ಕೆ ಸೆಟ್ಟು ಮತ್ತೆ ಚಟ್ ಎಂದಿತು. ಹಿಂದೆ ಜನ ಕೂಗುವ ಸದ್ದು, ನೀರಿನ ಸದ್ದು. ಮೊದಲು ಬರೀ ಉಸಿರು. ಆಮೇಲೆ ಬಹಳ ಸಣ್ಣಗೆ, ಬಾಯೊಳಗೇ ಎಂಬಂತೆ:

“ಯಂಕೋಬ.”

ಮಸ್ತಾನಸಾಬ ಏನೂ ಹೇಳುವ ಮೊದಲೇ ಆ ದನಿ ಒಡೆದು ಚೀರಿತು. “ಯಂಕೋಬ! ಯಂಕೋಬ! ಬಿಳಿಜೋಳ! ಸಾಕೇನ್ರಿ? ಇನ್ನೂ ಹೇಳಲೇನು?”

ಏಳೂ ಗೇಟಿನವರು ಅದನ್ನು ಕೇಳಿದರು. ಯಾರ ಬಾಯಲ್ಲಿ ಯಾರ ಹೆಸರು ಹೇಳಿಸಿದೆ ಎಂಬುದು ಮಸ್ತಾನಸಾಬನಿಗೆ ಆ ಗಳಿಗೆಯಲ್ಲಿ, ಒಮ್ಮೆಗೇ, ಪೂರಾ ತಿಳಿಯಿತು. ಹೆಂಡತಿ ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬುವ ಊರಲ್ಲೇ ಅವನು ಹುಟ್ಟಿ ಬೆಳೆದಿದ್ದ. “ನಾಕನೇ ಗೇಟು, ಪೂರಾ ಇಳಸು,” ಎಂದ. ಅಲ್ಲಾಭಕ್ಷ್ ಚಕ್ರಕ್ಕೆ ಕೈ ಹಾಕಿಕೊಂಡೇ ಕಾದಿದ್ದ.

ಸಾಹೇಬರ ಜೀಪು ಬರುತ್ತಲೇ ಅದರಲ್ಲೇ ಇಬ್ಬರೂ ಐದನೇ ಗೇಟಿಗೆ ಹೋದರು. ಗುಡಿಸಲುಗಳು ಉಳಿದಿದ್ದವು. ಏರಿ ಎರಡಾಳುದ್ದ ಕುಸಿದು, ಗೋಣಿಚೀಲಗಳ ಮೇಲೆ ಹೇಗೋ ನಿಂತಿತ್ತು. ಆ ಹನ್ನೊಂದು ನಿಮಿಷ ಎದೆಮಟ್ಟದ ತಣ್ಣೀರಿನಲ್ಲಿ ನಿಂತು ಚೀಲ ಒಡ್ಡಿದವನು ಯಂಕೋಬ. ಈಗ ಏರಿಯ ಮೇಲೆ ಕಂಬಳಿ ಹೊದ್ದು ನಡುಗುತ್ತ ಕೂತಿದ್ದ. ಟವೆಲ್ ಜಾರಿದ ಕೊರಳಿನಲ್ಲಿ ಲಿಂಬೆಹಣ್ಣಿನಷ್ಟು ಗಂಟು. ಏನೋ ಹೇಳಲು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ದನಿ ಹೋಗಿ ಒಂದು ವರ್ಷದ ಮೇಲಾಗಿತ್ತು. ರೂಲು ಬರುವವರೆಗೆ ಟವೆಲ್ಲಿನ ತುದಿ ಬಾಯಿಗೆ ಹಿಡಿದು ದಪ್ಪ ದನಿಯಲ್ಲಿ ಮೂರಡಿ ಎರಡು ಇಂಚು ಎನ್ನುತ್ತಿದ್ದವಳು ಶೇಖಮ್ಮ. ದನಿಯಿಲ್ಲದ ಗೇಟಿನವನೆಂದು ಗೊತ್ತಾದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಕೋಣೆ ಹೋಗುತ್ತದೆ. ಗೇಟಿನ ನಂಬರು ಹೇಳಿದರೆ ಸಾಕಾಗಿದ್ದಷ್ಟು ದಿನ ಅವಳು ನಡೆಸಿಕೊಂಡು ಬಂದಿದ್ದಳು. ಹೆಸರು ಬೇಕೆಂದ ದಿನ ಚೀಟಿ ಬರೆಯತೊಡಗಿದಳು.

ಶೇಖಮ್ಮ ಇವರ ಕಡೆ ತಿರುಗಲಿಲ್ಲ. ಗಂಡನ ತಲೆ ಒರೆಸುತ್ತಿದ್ದಳು.

ಆಫೀಸಿಗೆ ಬಂದು ಸಾಹೇಬರು ಲಾಗ್‌ಬುಕ್ಕು ತೆರೆಸಿದರು. ಎರಡು ಇಪ್ಪತ್ತೊಂದರ ಸಾಲಿನಲ್ಲಿ ಮಸ್ತಾನಸಾಬ ಬರೆದಿದ್ದ: ಐದನೇ ಗೇಟು, ಯಂಕೋಬ, ಹೆಸರು ಮತ್ತು ಗುಟ್ಟಿನ ಮಾತು ಎರಡೂ ಸರಿ.

“ಹೆಂಗಸಿನ ದನಿ ಅಂತ ಎಲ್ಲರೂ ಹೇಳಾಕತ್ತಾರಲ್ಲೋ?”

“ಹೆಸರು ಸರಿ ಇತ್ರಿ ಸಾಹೇಬ್ರ. ಮಾತು ಸರಿ ಇತ್ರಿ. ನೀವು ಸಹಿ ಮಾಡಿದ ರೂಲಿನ್ಯಾಗ ದನಿ ಹೆಂಗಿರಬೇಕು ಅಂತ ಇಲ್ರಿ.”

ಸಾಹೇಬರು ಅವನನ್ನು ನೋಡಿದರು. “ಮತ್ತ ಮ್ಯಾಲಿನ ಮೂರು ಸಾಲು? ಹನ್ನೊಂದು ನಿಮಿಷ ನೀ ಏನು ಮಾಡಿದಿ?”

“ಹೆಸರು ಕೇಳಿದೆ ರೀ.”

ಆ ಮೂರು ಸಾಲುಗಳನ್ನು ಅವನು ಹೊಡೆದು ಹಾಕಬಹುದಿತ್ತು, ಹಾಕಲಿಲ್ಲ. ಸಾಹೇಬರು ಕೆಟ್ಟವರಲ್ಲ. ಪುಸ್ತಕ ಮುಚ್ಚಿ, “ನಾಳೆಯಿಂದ ಹೆಸರು ತೆಗಿ, ನಂಬರ ಸಾಕು,” ಎಂದು ಎದ್ದರು. ಯಂಕೋಬನ ನೌಕರಿ ಉಳಿಯಿತು. ಜೇಬಿನಲ್ಲಿದ್ದ ಅರ್ಜಿಯನ್ನು ಮಸ್ತಾನಸಾಬ ಅರಗು ಕಾಯಿಸುವ ಒಲೆಗೆ ಹಾಕಿದ.

ಸಂಜೆ ಮನೆಗೆ ಬಂದರೆ ಒಳಗಿನಿಂದ ಹಾಜಿರಾಬೀ, “ಅಜೀ, ಶಂಶಾದ್ ಕೆ ಅಬ್ಬಾ,” ಎಂದು ಕರೆದಳು. ಶಂಶಾದಳ ಅಪ್ಪ. ಮಗಳು ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಅವನಿಗೆ ಅದೇ ಹೆಸರು, ಅದಕ್ಕೂ ಮೊದಲು ಬರೀ “ಅಜೀ”. ಅವನು ಕಟ್ಟೆಯ ಮೇಲೆ ಕೂತು, “ನನ್ನ ಹೆಸರು ಹೇಳು ನೋಡೂಣು,” ಎಂದ.

“ತೌಬಾ! ಹುಚ್ಚು ಹಿಡದೈತೇನು?”

“ಯಾರಾರ ಸಾಯಾಕತ್ತಿದ್ರು, ನೀ ಹೆಸರು ಹೇಳಿದ್ರ ಉಳೀತಾರ ಅಂದ್ರ?”

ಹಾಜಿರಾಬೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕಾಲೋನಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. “ಹೇಳ್ತೀನಿ. ಆದ್ರ ಹೇಳಿಸಿದಾತನ ಮಾರಿ ಮತ್ತ ನೋಡಂಗಿಲ್ಲ,” ಎಂದಳು. ಬಡಿದ ರೊಟ್ಟಿ ಹಂಚಿಗೆ ಹಾಕಿ ಮತ್ತೆ, “ದವಾಖಾನಿ ಡಬ್ಬಿ ಯಾಕ ಸುಮ್ಮಗಾತು ಅಂತ ಮಾಡೀರಿ? ನಲವತ್ತು ಮನಿ ಹೆಣ್ಮಕ್ಕಳು ನಿಮ್ಮ ರೂಲಿಗೆ ಅಂಜಿದ್ರು ಅಂತನಾ?”

ಮಸ್ತಾನಸಾಬ ಅಂದು ಊಟ ಮಾಡಲಿಲ್ಲ. ಎಲ್ಲರ ಚೀಲ ತಡವಿ ನೋಡಿದವನಿಗೆ ತನ್ನ ಮನೆಯ ಒಲೆಯ ಮುಂದೆ ಇದ್ದದ್ದು ಕಂಡಿರಲಿಲ್ಲ.

ಮುಂದಿನ ವರ್ಷದ ಬೇಸಿಗೆಯಲ್ಲಿ ಆದಪ್ಪ ನಿವೃತ್ತನಾದ. ಹಾರ ಹಾಕಿಸಿಕೊಂಡು, ಸಿಹಿ ತಿಂದು, ಯಾರೂ ಇಲ್ಲದಾಗ ಮಸ್ತಾನಸಾಬನ ಕಿವಿಯಲ್ಲಿ ಹೇಳಿದ, ಅವತ್ತು ಯಾವ ದನಿಯೂ ಬಂದಿರಲಿಲ್ಲ ಎಂದು. ಮೇಲಿನ ಗದ್ದೆಯವರು ಕೈಕಾಲು ಹಿಡಿದರು, ಎತ್ತಿದೆ, ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ. ನೀನು ನಮಾಜಿಗೆ ಹೋಗುವ ಹೊತ್ತು ನನಗೆ ಗೊತ್ತಿತ್ತು. ಮಸ್ತಾನಸಾಬ ಅವನನ್ನು ಬೈಯಲೂ ಇಲ್ಲ. ಇಲ್ಲದ ದನಿಯೊಂದಕ್ಕೆ ಅರಗಿನ ಮುದ್ರೆ ಹಾಕಿ, ಇದ್ದ ದನಿಯೊಂದನ್ನು ಹನ್ನೊಂದು ನಿಮಿಷ ಬಾಗಿಲಲ್ಲಿ ನಿಲ್ಲಿಸಿದ್ದೆನೆಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತು.

ಆ ಹೊತ್ತಿಗೆ ಯಂಕೋಬ ಹೋಗಿ ತಿಂಗಳುಗಳೇ ಆಗಿದ್ದವು. ಏರಿ ಕುಸಿದ ವರ್ಷವೇ, ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಒಂದು ವಾರ ಇದೆ ಎನ್ನುವಾಗ ತೀರಿಕೊಂಡಿದ್ದ. ಗಂಟಲಿನ ಗಂಟು ಕೊಂದಿತು ಎಂದರು ಡಾಕ್ಟರು. ತಣ್ಣೀರಲ್ಲಿ ನಿಂತಂದಿನಿಂದ ಎದೆ ಕಟ್ಟಿ ಮೇಲೇಳಲೇ ಇಲ್ಲ ಎಂದರು ಅಕ್ಕಪಕ್ಕದವರು.

ಹದಿನೈದು ದಿನದ ಮೇಲೆ ಶೇಖಮ್ಮ ಕ್ಯಾಂಪಿನ ಆಫೀಸಿಗೆ ಬಂದಿದ್ದಳು. ಸತ್ತವನ ಹೆಂಡತಿಗೆ ಅದೇ ಗೇಟಿನ ಕೆಲಸ ಕೊಡಬಹುದು, ಅರ್ಜಿ ಹಾಕಿಸಿ ಎಂದು ಸಾಹೇಬರೇ ಹೇಳಿ ಕಳಿಸಿದ್ದರು. ಗುಮಾಸ್ತ ಗೋಪಣ್ಣ ಫಾರಂ ತುಂಬುತ್ತಿದ್ದ. ಅವಳ ಹೆಸರು, ಊರು, ವಯಸ್ಸು ಎಲ್ಲ ಆಯಿತು.

“ಗಂಡನ ಹೆಸರು?”

ಶೇಖಮ್ಮ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು. ಗೋಪಣ್ಣ ಮತ್ತೆ ಕೇಳಿದ. ಆಮೇಲೆ ತನಗೆ ತೋಚಿದ ಮಟ್ಟಿಗೆ ಮೆತ್ತಗೆ, “ಈಗ ಹೇಳಿದ್ರ ಏನಾಗ್ತೈತಿ ಬೇ ಯವ್ವಾ, ಅವನ ಇಲ್ಲಲ್ಲ,” ಎಂದ.

ವೈರ್‌ಲೆಸ್ ಕೋಣೆಯ ಬಾಗಿಲು ತೆರೆದೇ ಇತ್ತು. ಶೇಖಮ್ಮ ಆ ಕಡೆ ನೋಡಿದಳು. ಏರಿ ಕುಸಿದ ದಿನದ ನಂತರ ಅವಳು ಮಸ್ತಾನಸಾಬನ ಮುಖ ನೋಡಿದ್ದು ಅದೇ ಮೊದಲು.

“ಆ ಯಣ್ಣಗ ಕೇಳ್ರಿ, ಅವರಿಗೆ ಗೊತ್ತೈತಿ,” ಎಂದಳು. “ನಾ ಒಮ್ಮಿ ಹೇಳೀನಿ.”

ಮಸ್ತಾನಸಾಬ ಎದ್ದು ಬಂದ. ಗೋಪಣ್ಣನ ಕೈಯಿಂದ ಪೆನ್ನು ತೆಗೆದುಕೊಂಡು, ನಿಂತುಕೊಂಡೇ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಯಂಕೋಬ ಎಂದು ಬರೆದ. ಈ ಸಲ ಅವನ ಅಕ್ಷರ ಸೊಟ್ಟಗೆ ಬಂತು.